ಸ್ನೋಮೊಬೈಲ್‌ನ ಪಿಕಪ್‌ಗೆ ಹತ್ತಿಸೋ ರ‍್ಯಾಂಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಸ್ಲೆಡ್ (ಅಂದ್ರೆ ಸ್ನೋಮೊಬೈಲ್, ಹಿಮದ ಮೇಲೆ ಓಡೋ ಎಂಜಿನ್ ಗಾಡಿ) ತಗೊಂಡೋರು ಗಾಡಿಗೆ, ಹೆಲ್ಮೆಟ್‌ಗೆ, ಜಾಕೆಟ್‌ಗೆ ಧಾರಾಳವಾಗಿ ದುಡ್ಡು ಹಾಕ್ತಾರೆ, ರ‍್ಯಾಂಪ್ ವಿಷಯ ಬಂದಾಗ ಮಾತ್ರ ಯಾವುದೋ ಒಂದು ಹಲಗೆ ಆದ್ರೆ ಸಾಕು ಅಂತಾರೆ. ಹಿಮದ ಮೇಲೆ ದಿನವೆಲ್ಲಾ ಓಡಿಸಿ ಏನೂ ಆಗದೆ ಬಂದೋರು ಸಂಜೆ ಅದನ್ನ ಪಿಕಪ್‌ಗೆ ಹತ್ತಿಸೋವಾಗ ಕೈಕಾಲು ಮುರ್ಕೊಂಡಿದ್ದಾರೆ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ. ಓದೋಕೆ ಮುಂಚೆ ಒಂದು ಟೇಪ್ ತಗೊಂಡು ನಿಮ್ಮ ಪಿಕಪ್ ಹಿಂದೆ ಹೋಗಿ, ಟೈಲ್‌ಗೇಟ್ (ಹಿಂದಿನ ಬಾಗಿಲು) ತೆಗೆದು ಮಲಗಿಸಿ ಅದರ ಮೇಲ್ಭಾಗದಿಂದ ನೆಲಕ್ಕೆ ಎಷ್ಟು ಇಂಚು ಅಂತ ಅಳೆದು ಬರ್ಕೊಳ್ಳಿ. ಕೆಳಗೆ ಬರೋ ಅರ್ಧ ಪ್ರಶ್ನೆಗೆ ಉತ್ತರ ಆ ಒಂದು ಸಂಖ್ಯೆಯಲ್ಲೇ ಇದೆ.

ಬೈಕ್ ಹತ್ತಿಸೋ ರ‍್ಯಾಂಪ್ ಮನೇಲಿದೆ, ಅದೇ ನಡೆಯಲ್ವಾ?

ನಡೆಯಲ್ಲ. ಬೈಕ್‌ಗೆ ಒಂದು ಪಟ್ಟಿ ಸಾಕು, ಎಟಿವಿಗೆ (ಕಾಡುಮೇಡಲ್ಲಿ ಓಡಿಸೋ ನಾಲ್ಕು ಚಕ್ರದ ಬೈಕ್) ಎರಡು ಪಟ್ಟಿ ಸಾಕು, ಸ್ನೋಮೊಬೈಲ್ ನೆಲ ಮುಟ್ಟೋದು ಮೂರು ಕಡೆ: ಎಡಗಡೆ ಸ್ಕೀ, ಬಲಗಡೆ ಸ್ಕೀ, ನಡುವೆ ಟ್ರ್ಯಾಕ್, ಅಂದ್ರೆ ಎಂಜಿನ್ ತಿರುಗಿಸೋ ಅಗಲದ ರಬ್ಬರ್ ಪಟ್ಟಿ. ಎರಡು ಪಟ್ಟಿ ಇಟ್ರೆ ಸ್ಕೀ ಎರಡೂ ಹತ್ತುತ್ತೆ, ಟ್ರ್ಯಾಕ್‌ಗೆ ಕೆಳಗೆ ಏನೂ ಇರಲ್ಲ, ತಳ್ಳೋ ಶಕ್ತಿ ಇರೋದೇ ಟ್ರ್ಯಾಕ್‌ನಲ್ಲಿ. ಹಾಗಾಗಿ ಮೂರು ಭಾಗವಾಗಿ ಬಿಚ್ಚಿಕೊಳ್ಳೋ ಮಡಚೋ ರ‍್ಯಾಂಪ್ ಬೇಕು, ಇಲ್ಲಾ ಪೂರ್ತಿ ಅಗಲದ ಒಂದೇ ರ‍್ಯಾಂಪ್ ಬೇಕು. ಎಟಿವಿಗೆ ಅಂತ ಬರೋ ಮೂರು ಮಡಿಕೆಯ ರ‍್ಯಾಂಪ್ ಅಗಲದಲ್ಲಿ ಸರಿಹೋಗಬಹುದು, ಅದರ ಅಡ್ಡಪಟ್ಟಿಗಳ ವಿಷಯ ಆಮೇಲೆ ಹೇಳ್ತೀನಿ.

ಎಷ್ಟು ಉದ್ದದ್ದು ತಗೋಬೇಕು?

ಎಲ್ಲರೂ ಮೊದಲು ಕೇಳೋದು ಎಷ್ಟು ಭಾರ ತಡೆಯುತ್ತೆ ಅಂತ, ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಉದ್ದ. ಫುಲ್‌ಸೈಜ್ ಫೋರ್‌ವೀಲ್ ಪಿಕಪ್‌ಗಳ ಟೈಲ್‌ಗೇಟ್ ಸಾಮಾನ್ಯವಾಗಿ 34ರಿಂದ 36 ಇಂಚು ಎತ್ತರ ಇರುತ್ತೆ, ಹೆವಿ ಡ್ಯೂಟಿ ಗಾಡಿ ಆದ್ರೆ, ಲಿಫ್ಟ್ ಮಾಡ್ಸಿದ್ರೆ ಇನ್ನೂ ಜಾಸ್ತಿ. 36 ಇಂಚು ಅಂತಾನೇ ಇಟ್ಕೊಂಡು ಲೆಕ್ಕ ಹಾಕೋಣ. 6 ಅಡಿ ರ‍್ಯಾಂಪ್ ಇಟ್ರೆ ಏರು 30 ಡಿಗ್ರಿ ಆಗುತ್ತೆ, 7 ಅಡಿಗೆ ಹೆಚ್ಚುಕಮ್ಮಿ 25, 8 ಅಡಿಗೆ 22, 9 ಅಡಿಗೆ ಹತ್ತೊಂಬತ್ತೂವರೆ, 10 ಅಡಿಗೆ ಹದಿನೇಳೂವರೆ ಡಿಗ್ರಿ. ಕಾಗದದ ಮೇಲೆ 30ಕ್ಕೂ 20ಕ್ಕೂ ದೊಡ್ಡ ವ್ಯತ್ಯಾಸ ಅನ್ನಿಸಲ್ಲ, ಆದ್ರೆ 270 ಕೆಜಿ ಸ್ಲೆಡ್‌ನ 30 ಡಿಗ್ರಿ ಏರಲ್ಲಿ ಹಿಡಿದು ನಿಲ್ಲಿಸೋಕೇ 135 ಕೆಜಿಯಷ್ಟು ಬಲ ಬೇಕು, ಹದಿನೇಳೂವರೆ ಡಿಗ್ರಿಯಲ್ಲಿ ಅದು ಎಂಬತ್ತು ಚಿಲ್ಲರೆಗೆ ಇಳಿಯುತ್ತೆ, ಇದರ ಮೇಲೆ ಸ್ಕೀ ಉಜ್ಜೋ ತಡೆ ಬೇರೆ.

ಏರು ಕಡಿದಾಗಿದ್ರೆ ತುದಿಯಲ್ಲೂ ತೊಂದರೆ. ಸ್ಲೆಡ್‌ನ ಮುಂಭಾಗ ಟೈಲ್‌ಗೇಟ್ ದಾಟಿ ಗಾಳಿಯಲ್ಲಿ ಎದ್ದಿರುತ್ತೆ, ಆ ಕ್ಷಣದಲ್ಲಿ ಹ್ಯಾಂಡಲ್ ತಿರುಗಿಸಿದ್ರೂ ಏನೂ ಆಗಲ್ಲ ಯಾಕಂದ್ರೆ ಸ್ಕೀ ಏನನ್ನೂ ಮುಟ್ಟಿರಲ್ಲ, ತೂಕದ ನಡುಮಧ್ಯ ಅಂಚು ದಾಟಿದ ತಕ್ಷಣ ಇಡೀ ಗಾಡಿ ದಬ್ ಅಂತ ಬೆಡ್ (ಪಿಕಪ್ ಹಿಂದೆ ಸಾಮಾನು ಹಾಕೋ ಜಾಗ) ಮೇಲೆ ಬೀಳುತ್ತೆ. ರ‍್ಯಾಂಪ್ ಉದ್ದ ಇದ್ದಷ್ಟೂ ಆ ಬೀಳೋದು ಮೆತ್ತಗಾಗುತ್ತೆ.

ನನ್ನ ಸಲಹೆ: 36 ಇಂಚಿನ ಟೈಲ್‌ಗೇಟ್‌ಗೆ 8 ಅಡಿ ಅನ್ನೋದು ಕನಿಷ್ಠ, ಆದ್ರೆ 9 ಅಥವಾ 10 ಅಡಿದು ತಗೊಳ್ಳಿ. ಜಾಗದ ಲೆಕ್ಕ ಮಾತ್ರ ಮರೀಬೇಡಿ, 10 ಅಡಿ ರ‍್ಯಾಂಪ್ ಹಾಸಿದ್ಮೇಲೆ ಅದರ ಹಿಂದೆ ಸ್ಲೆಡ್ ನೇರ ನಿಲ್ಲೋಕೆ ಮತ್ತೆ 10 ಅಡಿಗಿಂತ ಹೆಚ್ಚು ಬೇಕು, ಅಂದ್ರೆ ಪಿಕಪ್ ಹಿಂದೆ 20 ಅಡಿ ಮೇಲೆ ಖಾಲಿ ಇರಬೇಕು, ಅಡ್ಡಡ್ಡ ಬಂದು ರ‍್ಯಾಂಪ್ ಬುಡದಲ್ಲಿ ತಿರುಗಿಸಿ ಹತ್ತಿಸೋಕೆ ಹೋಗಲೇಬಾರದು.

ಅಗಲ?

ಟ್ರೇಲ್‌ನಲ್ಲಿ (ಹದ ಮಾಡಿದ ಹಿಮದ ದಾರಿ) ಓಡಿಸೋ ಸ್ಲೆಡ್‌ಗಳ ಸ್ಕೀ ನಡುವಿನ ದೂರ 42, 43 ಇಂಚು, ಅದು ಒಂದು ಸ್ಕೀ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯೋದು, ಸ್ಕೀ ಅಗಲ ಸೇರಿಸಿದ್ರೆ ಹೊರಗಿಂದ ಹೊರಗೆ ಸುಮಾರು 48 ಇಂಚು, ಕೆಲವು ಅದಕ್ಕೂ ಜಾಸ್ತಿ. ಬೆಟ್ಟ ಹತ್ತೋ ಮೌಂಟನ್ ಸ್ಲೆಡ್‌ಗಳು ಕಿರಿದು, 36 ಇಂಚಿನ ಆಸುಪಾಸು. ನಿಮ್ಮದನ್ನ ನೀವೇ ಅಳೆದು ಎರಡೂ ಕಡೆ ಒಂದೆರಡು ಇಂಚು ಸೇರಿಸಿಕೊಳ್ಳಿ.

ಇಲ್ಲಿ ಇನ್ನೊಂದು ಅಳತೆ ಇದೆ, ಜನ ಮರೆಯೋದು ಇದನ್ನೇ: ಬೆಡ್ ಒಳಗೆ ಚಕ್ರದ ಉಬ್ಬು ಎರಡರ ನಡುವಿನ ಜಾಗ. ಫುಲ್‌ಸೈಜ್ ಗಾಡೀಲಿ ಅದು ಸಾಮಾನ್ಯವಾಗಿ 50 ಇಂಚಿನ ಹತ್ತಿರ, ಟ್ರೇಲ್ ಸ್ಲೆಡ್ ಬಿಗಿಯಾಗಿ ಕೂರುತ್ತೆ. ಮಿಡ್‌ಸೈಜ್ ಪಿಕಪ್ ಕೆಲವದರಲ್ಲಿ 42 ಇಂಚೂ ಇರಲ್ಲ, ಅದರೊಳಗೆ ಅಗಲ ಸ್ಲೆಡ್ ಕೂರೋದೇ ಇಲ್ಲ, ರ‍್ಯಾಂಪ್ ಎಷ್ಟು ಒಳ್ಳೇದಿದ್ರೂ ಉಪಯೋಗಕ್ಕೆ ಬರಲ್ಲ. ಉಬ್ಬಿನ ಮೇಲೆ ಹಲಗೆ ಹಾಸಿ ನೆಲ ಎತ್ತರಿಸ್ಕೊಳ್ಳೋರು ಇದ್ದಾರೆ, ಆಗ ಹತ್ತಬೇಕಾದ ಎತ್ತರಾನೂ ಅಷ್ಟೇ ಏರುತ್ತೆ, ರ‍್ಯಾಂಪ್ ಉದ್ದದ ಲೆಕ್ಕ ಮತ್ತೆ ಮೊದಲಿಂದ ಹಾಕಬೇಕು.

ಎಷ್ಟು ಭಾರ ತಡೆಯೋದು ಬೇಕು?

ಕಂಪನಿಯೋರು ಹೇಳೋ ಒಣ ತೂಕ ನಂಬಿ ಲೆಕ್ಕ ಹಾಕ್ಬೇಡಿ. ಮೌಂಟನ್ ಸ್ಲೆಡ್ ಒಣ ತೂಕ ಸುಮಾರು 180ರಿಂದ 220 ಕೆಜಿ, ಟ್ರೇಲ್ ಸ್ಲೆಡ್ 200ರಿಂದ 270, ಇಬ್ಬರು ಕೂರೋ ಟೂರಿಂಗ್ ಮತ್ತೆ ಕೆಲಸದ ಗಾಡಿಗಳು 300 ದಾಟುತ್ತೆ. ಇದಕ್ಕೆ ಪೆಟ್ರೋಲ್ ಟ್ಯಾಂಕ್ ತುಂಬಿದ್ರೆ 30 ಕೆಜಿ ಆಸುಪಾಸು, ಆಯಿಲ್, ಕೂಲೆಂಟ್, ಬ್ಯಾಗು, ಜೊತೆಗೆ ಸಂಜೆ ಹೊತ್ತಿಗೆ ಟ್ರ್ಯಾಕ್ ಮೇಲಿನ ಟನಲ್ ಒಳಗೆ ಸಸ್ಪೆನ್ಷನ್ ಸಂದಿಯಲ್ಲೆಲ್ಲಾ ಹೆಪ್ಪುಗಟ್ಟಿರೋ ಹಿಮ, ಅದೂ ಕಡಿಮೆ ಏನಲ್ಲ. ಆಮೇಲೆ ಕೂತ್ಕೊಂಡು ಹತ್ತಿಸಿದ್ರೆ ನೀವು. ಹೀಗೆ ಕೂಡಿದ್ರೆ ಸುಲಭವಾಗಿ 400 ಕೆಜಿ ಬರುತ್ತೆ. ನೇರ ಒಂದೇ ತೂಕ ಅಲ್ಲ ಅದು, ಹತ್ತೋವಾಗ ಎಗರುತ್ತೆ, ಜಗ್ಗುತ್ತೆ. 1,500 ಪೌಂಡ್ ಅಂದ್ರೆ 680 ಕೆಜಿ ಅಂತ ಬರೆದಿರೋ ರ‍್ಯಾಂಪ್ ತಗೊಂಡ್ರೆ ನೆಮ್ಮದಿ. ಬೇರೆ ಬೇರೆ ತುಂಡಾಗಿ ಬರೋ ಸೆಟ್ ಆದ್ರೆ ಬರೆದಿರೋ ತೂಕ ಒಂದು ತುಂಡಿಗಾ ಎಲ್ಲಾ ಸೇರಿಸಿನಾ ಅಂತ ಕೇಳಿ ತಿಳ್ಕೊಳ್ಳಿ.

ನೇರ ಇರೋದಾ, ಬಿಲ್ಲಿನ ಹಾಗೆ ಬಾಗಿರೋದಾ?

ಬಾಗಿರೋದು. ತುದಿಗೆ ಬರ್ತಾ ಬರ್ತಾ ಏರು ಕಡಿಮೆ ಆಗುತ್ತೆ, ಹಾಗಾಗಿ ಅಂಚಲ್ಲಿ ಹೊಟ್ಟೆ ತಾಗೋದು, ದಬ್ ಅಂತ ಬೀಳೋದು ಎರಡೂ ತಗ್ಗುತ್ತೆ. ಬುಡದಲ್ಲಿ ಮಾತ್ರ ಸ್ವಲ್ಪ ಕಡಿದಾಗಿರುತ್ತೆ, ಸ್ಕೀ ಮೂತಿ ಮೇಲಕ್ಕೆ ಬಾಗಿರೋದ್ರಿಂದ ಅದು ತೊಂದರೆ ಕೊಡಲ್ಲ.

ಅಲ್ಯುಮಿನಿಯಂ, ಕಬ್ಬಿಣ, ಮರ, ಯಾವುದು?

ಅಲ್ಯುಮಿನಿಯಂ. ಹಗುರ, ತುಕ್ಕು ಹಿಡಿಯಲ್ಲ, ಕೊರೆಯೋ ಚಳಿಗೆ ಪೆಡಸಾಗಿ ಮುರಿಯೋ ಗುಣ ಅದಕ್ಕಿಲ್ಲ. ರಸ್ತೆಗೆ ಹಾಕೋ ಉಪ್ಪು ಅದರ ಸ್ಟೀಲ್ ಬೋಲ್ಟ್, ಹಿಂಜ್ ಪಿನ್ ಸೇರೋ ಜಾಗದಲ್ಲಿ ಅಲ್ಯುಮಿನಿಯಂನ ತಿನ್ನುತ್ತೆ, ಅದಕ್ಕೆ ಸೀಸನ್ ಮುಗಿದಾಗ ಚೆನ್ನಾಗಿ ತೊಳೆದಿಡಿ. ಕಬ್ಬಿಣದ್ದು ಗಟ್ಟಿ, ಆದ್ರೆ 10 ಅಡಿ ಉದ್ದದ್ದನ್ನ ಗ್ಲೌಸ್ ಹಾಕ್ಕೊಂಡು ಐಸ್ ಮೇಲೆ ನಿಂತು ಒಬ್ಬರೇ ಎತ್ತೋಕೆ ಆಗಲ್ಲ.

ಮರದ ಹಲಗೆ ಬಗ್ಗೆ ಬೈಯೋರೇ ಜಾಸ್ತಿ, ನಾನು ಪೂರ್ತಿ ಬೇಡ ಅನ್ನಲ್ಲ. ದಪ್ಪ ಹಲಗೆಗಳನ್ನ ಪಕ್ಕಪಕ್ಕ ಜೋಡಿಸಿ ಕೆಳಗಿಂದ ಅಡ್ಡಪಟ್ಟಿ ಹೊಡೆದು, ತುದಿಗೆ ಟೈಲ್‌ಗೇಟ್ ಮೇಲೆ ಕೂರೋ ಲೋಹದ ತುಟಿ ಹಾಕಿ ಮಾಡಿದ್ರೆ, ಮನೆ ಅಂಗಳದಲ್ಲೇ ಬಿಟ್ಟು ಬಳಸೋಕೆ ಅದು ಸರಿ, ಟ್ರ್ಯಾಕ್ ಸ್ಟಡ್ (ಐಸ್ ಕಚ್ಚೋಕೆ ಹಾಕೋ ಲೋಹದ ಮೊಳೆ) ಕೂಡ ಮರವನ್ನ ಚೆನ್ನಾಗಿ ಕಚ್ಚುತ್ತೆ. ಬಿಡಿಬಿಡಿ ಹಲಗೆ ಮೂರು ಸುಮ್ನೆ ಒರಗಿಸಿ ಹತ್ತಿಸೋದು ಮಾತ್ರ ಬೇಡ, ಒಂದು ಸರಿದ್ರೂ ಸ್ಲೆಡ್ ಮಗುಚಿ ಪಕ್ಕದಲ್ಲಿ ನಿಂತೋರ ಮೇಲೆ ಬೀಳುತ್ತೆ.

ಸ್ಕೀ ಕೆಳಗಿರೋ ಕಾರ್ಬೈಡ್, ಟ್ರ್ಯಾಕ್‌ನಲ್ಲಿರೋ ಸ್ಟಡ್, ಇವು ರ‍್ಯಾಂಪ್‌ನ ಹಾಳು ಮಾಡಲ್ವಾ?

ಮಾಡುತ್ತೆ. ಅಡ್ಡಪಟ್ಟಿಗಳ ವಿಷಯ ಅಂದಿದ್ನಲ್ಲ, ಅದು ಇಲ್ಲಿ ಬರುತ್ತೆ. ಎಟಿವಿ ರ‍್ಯಾಂಪ್ ಏಣಿ ಥರ ಇರುತ್ತೆ, ಟೈರ್‌ಗೆ ಅದು ಒಳ್ಳೇದು, ಸ್ಕೀ ಕೆಳಗಿನ ಕಾರ್ಬೈಡ್ ಪಟ್ಟಿ (ತಿರುಗೋವಾಗ ಹಿಡಿತ ಕೊಡೋ ಗಟ್ಟಿ ಲೋಹ) ಮಾತ್ರ ಪ್ರತಿ ಅಡ್ಡಪಟ್ಟಿಗೂ ಕಟಕಟ ಅಂತ ತಾಗಿ ಸಿಕ್ಕಿಹಾಕ್ಕೊಳ್ಳುತ್ತೆ, ಗಾಡಿ ಒಂದು ಕಡೆಗೆ ಎಳೆಯೋಕೆ ಶುರುವಾಗುತ್ತೆ. ಇದಕ್ಕೆ ಪರಿಹಾರ ಪ್ಲಾಸ್ಟಿಕ್ ಗೈಡ್, ಸ್ಕೀ ಹೋಗೋ ದಾರಿಯಲ್ಲಿ ಎರಡೂ ಕಡೆ ಉದ್ದಕ್ಕೂ ಸ್ಕ್ರೂ ಹಾಕಿ ಕೂರಿಸೋದು, ಕಾರ್ಬೈಡ್ ಅದರ ಗೆರೆಯಲ್ಲೇ ಜಾರ್ಕೊಂಡು ನೇರ ಹೋಗುತ್ತೆ. ದಟ್ಟ ಪಾಲಿಎಥಿಲೀನ್‌ದು ನೋಡಿ ತಗೊಳ್ಳಿ, ಚಳಿಗೆ ಬಿರುಕು ಬಿಡಲ್ಲ, ಅಗ್ಗದ ಪ್ಲಾಸ್ಟಿಕ್ ಒಂದೇ ಸೀಸನ್‌ಗೆ ಚೂರಾಗುತ್ತೆ.

ನಡುವಿನ ಭಾಗಕ್ಕೆ ಇದರ ಉಲ್ಟಾ, ಅಲ್ಲಿ ಜಾರಬಾರದು. ಟ್ರ್ಯಾಕ್‌ನ ರಬ್ಬರ್ ಹಲ್ಲು ಕಚ್ಚೋಕೆ ಅಡ್ಡಪಟ್ಟಿನೋ ತೂತು ಕೊರೆದ ತಗಡೋ ಇರಬೇಕು. ಟ್ರ್ಯಾಕ್ ಅಗಲ ಬಹುಪಾಲು 15 ಅಥವಾ 16 ಇಂಚು, ಕೆಲಸದ ಗಾಡಿಗಳಿಗೆ 20, 24 ಇಂಚೂ ಬರುತ್ತೆ, ಅಂಥದ್ದು ಇಟ್ಕೊಂಡಿರೋರು ನಡುವಿನ ಪಟ್ಟಿ ಅಷ್ಟು ಅಗಲ ಇದೆಯಾ ನೋಡ್ಕೊಳ್ಳಿ. ಹೀಗೆ ಬದಿಯಲ್ಲಿ ಜಾರೋದು, ನಡುವೆ ಹಿಡಿಯೋದು ಎರಡೂ ಒಂದೇ ರ‍್ಯಾಂಪ್‌ನಲ್ಲಿ ಇದ್ರೆ ಅದು ಸ್ನೋಮೊಬೈಲ್‌ಗೆ ಅಂತಾನೇ ಮಾಡಿದ್ದು ಅಂತ ಗೊತ್ತಾಗುತ್ತೆ.

ಸ್ಟಡ್ ಇದ್ರೆ ಅಲ್ಯುಮಿನಿಯಂ ಮೇಲೆ ಗೀರು ಬೀಳುತ್ತೆ, ಬೆಡ್‌ಗೂ ಬೀಳುತ್ತೆ. ಬೆಡ್‌ಗೆ ದಪ್ಪ ರಬ್ಬರ್ ಮ್ಯಾಟ್ ಹಾಸಿ, ಅದು ಹರಿದ್ರೆ ಬದಲಾಯಿಸಬಹುದು. ನುಣುಪು ಪ್ಲಾಸ್ಟಿಕ್ ಲೈನರ್ ಇರೋ ಬೆಡ್‌ನಲ್ಲಿ ಸ್ಟಡ್ ಇಲ್ಲದ ಟ್ರ್ಯಾಕ್ ಸುಮ್ನೆ ತಿರುಗುತ್ತೆ, ಅಲ್ಲೂ ಮ್ಯಾಟ್ ಬೇಕು.

ರ‍್ಯಾಂಪ್ ಹಿಂದಕ್ಕೆ ಜಾರಿ ಬೀಳುತ್ತೆ ಅಂತಾರಲ್ಲ, ಯಾಕೆ?

ಈ ಒಂದು ಉತ್ತರ ದಯವಿಟ್ಟು ಪೂರ್ತಿ ಓದಿ. ಟ್ರ್ಯಾಕ್ ಸ್ಲೆಡ್‌ನ ಎಷ್ಟು ಜೋರಾಗಿ ಮುಂದಕ್ಕೆ ತಳ್ಳುತ್ತೋ ಅಷ್ಟೇ ಜೋರಾಗಿ ರ‍್ಯಾಂಪ್‌ನ ಹಿಂದಕ್ಕೆ ಒದೆಯುತ್ತೆ. ಸ್ಕೀ ಎರಡೂ ಟೈಲ್‌ಗೇಟ್ ಮುಟ್ಟೋ ಹೊತ್ತಿಗೆ ಟ್ರ್ಯಾಕ್ ಪೂರ್ತಿ ರ‍್ಯಾಂಪ್ ಮೇಲಿರುತ್ತೆ, ನೀವು ಇನ್ನೊಂಚೂರು ಅಂತ ಥ್ರಾಟಲ್ ಒತ್ತುತ್ತೀರಿ, ರ‍್ಯಾಂಪ್ ಬುಡ ಇರೋದು ಐಸ್ ಮೇಲೆ, ಅಲ್ಲಿ ಹಿಡಿತ ಅನ್ನೋದೇ ಇಲ್ಲ, ತುಟಿ ಟೈಲ್‌ಗೇಟ್‌ನಿಂದ ಕಳಚಿ ರ‍್ಯಾಂಪ್ ಹಿಂದಕ್ಕೆ ಹಾರುತ್ತೆ, ಸ್ಲೆಡ್ ನೀವು ಕೂತಿರೋ ಹಾಗೇ ಕೆಳಗೆ. ನನ್ನ ಕಣ್ಣೆದುರಿಗೇ ಇದು ಆಗಿದೆ, ರ‍್ಯಾಂಪ್ ಒಳ್ಳೇದೇ, ಭಾರ ತಡೆಯೋದೇ, ಆವತ್ತು ಬೆಲ್ಟ್ ಕಟ್ಟಿರಲಿಲ್ಲ ಅಷ್ಟೇ. ಓಡಿಸ್ತಿದ್ದವರ ಮಣಿಕಟ್ಟು ಮುರೀತು, ಇನ್ನೂ ಕೆಟ್ಟದಾಗಿ ಆಗಬಹುದಿತ್ತು.

ಹಾಗಾಗಿ ರ‍್ಯಾಂಪ್ ಜೊತೆ ಎರಡು ಬೆಲ್ಟ್ ಬರುತ್ತಾ ನೋಡಿ, ಬರದಿದ್ರೆ ಅದೇ ದಿನ ಬೇರೆ ತಗೊಳ್ಳಿ. ರ‍್ಯಾಂಪ್‌ನ ಮೇಲ್ತುದಿಯ ಎರಡೂ ಬದಿಯಿಂದ ಪಿಕಪ್ ಕೆಳಗಿನ ಹಿಚ್‌ಗೋ (ಟ್ರೇಲರ್ ಸಿಕ್ಕಿಸೋ ಕೊಂಡಿ) ಫ್ರೇಮ್‌ಗೋ ಬಿಗಿಯಾಗಿ ಎಳೆದು ಕಟ್ಟಿ, ಬೆಲ್ಟ್ ರ‍್ಯಾಂಪ್‌ನ ಗಾಡಿ ಕಡೆಗೇ ಎಳೀತಿರಬೇಕು. ಬಂಪರ್ ಮೇಲಿನ ಪ್ಲಾಸ್ಟಿಕ್‌ಗೆ, ಟೈಲ್‌ಗೇಟ್ ಹಿಡಿಕೆಗೆ ಕಟ್ಟೋದು ಲೆಕ್ಕಕ್ಕಿಲ್ಲ. ಪಿಕಪ್‌ಗೆ ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಅಡ್ಡ ಇಡಿ, ಯಾಕಂದ್ರೆ ಐಸ್ ಮೇಲೆ ಪಿಕಪ್ಪೇ ಮುಂದಕ್ಕೆ ಸರಿದ್ರೂ ಫಲ ಅದೇ.

ಓಡಿಸ್ಕೊಂಡೇ ಹತ್ತಿಸಬೇಕಾ? ವಿಂಚ್ ಹಾಕ್ಬಹುದಾ?

ವಿಂಚ್ (ಹಗ್ಗ ಸುತ್ತಿ ಎಳೆಯೋ ಸಾಧನ) ಹಾಕಿದ್ರೆ ತುಂಬಾ ಒಳ್ಳೇದು, ಒಬ್ಬರೇ ಇದ್ರೆ ಅದೇ ಸರಿ, ನಾಚಿಕೆ ಪಡೋ ವಿಷಯ ಅಲ್ಲ. 2,000 ಪೌಂಡ್ ಎಳೆಯೋ ಸಣ್ಣ ವಿಂಚ್ ಬೆಡ್‌ನ ಮುಂದಿನ ಗೋಡೆ ಹತ್ತಿರ ಗಟ್ಟಿಯಾಗಿ ಕೂರಿಸಿದ್ರೆ ಸಾಕು, ಕೈಯಿಂದ ತಿರುಗಿಸೋದೂ ಆಗುತ್ತೆ.

ಓಡಿಸಿ ಹತ್ತಿಸೋದು ಯಾಕೆ ಕಷ್ಟ ಅಂದ್ರೆ, ಸ್ನೋಮೊಬೈಲ್ ಕ್ಲಚ್ ಬೈಕ್ ಥರ ಕೈಯಲ್ಲಿ ಇರಲ್ಲ, ಎಂಜಿನ್ ಸುಮಾರು 3,000ದಿಂದ 4,000 ಆರ್‌ಪಿಎಂ ಮುಟ್ಟಿದಾಗ ತಾನಾಗೇ ಎಂಜಿನ್‌ನ ಡ್ರೈವ್ ಬೆಲ್ಟ್ ಹಿಡಿಯುತ್ತೆ. ಅಂದ್ರೆ ಏರಲ್ಲಿ ನಿಂತ ಗಾಡಿ ನಿಧಾನಕ್ಕೆ ತೆವಳಲ್ಲ, ಸ್ವಲ್ಪ ಹೊತ್ತು ಏನೂ ಆಗಲ್ಲ, ಆಮೇಲೆ ಒಮ್ಮೆಲೇ ಜಗ್ಗಿ ಹೊರಡುತ್ತೆ. ಪಿಕಪ್‌ನ ಹಿಂದಿನ ಗಾಜು ಒಡ್ಕೊಂಡು ಮೂತಿ ಒಳಗೆ ತೂರಿಸ್ಕೊಂಡಿರೋ ಕಥೆಗಳೆಲ್ಲಾ ಇಲ್ಲಿಂದಲೇ. ಗಾಜಿನ ಮುಂದೆ ಕಬ್ಬಿಣದ ಜಾಲರಿ ಹಾಕಿಸ್ಕೊಳ್ಳಿ ಅಥವಾ ಬೆಡ್ ಮುಂಭಾಗದಲ್ಲಿ ಮರದ ತಡೆ ಕಟ್ಟಿ.

ಓಡಿಸೋದೇ ಆದ್ರೆ ಹೆಲ್ಮೆಟ್ ತೆಗೀಬೇಡಿ, ಕಿಲ್ ಸ್ವಿಚ್ (ನೀವು ಬಿದ್ರೆ ಎಂಜಿನ್ ಆರಿಸೋದು) ದಾರ ಮೈಗೆ ಸಿಕ್ಕಿಸ್ಕೊಳ್ಳಿ, ರ‍್ಯಾಂಪ್ ಮೇಲಿನ ಐಸ್ ಪೂರ್ತಿ ಕೆರೆದು ತೆಗೀರಿ, ಬುಡದ ಮುಂದೆ ಬರೀ ಡಾಂಬರು ಇದ್ರೆ ಎರಡು ಸಲಿಕೆ ಹಿಮ ಚೆಲ್ಲಿ, ಸ್ಕೀ ತಿರುಗಿಸೋಕೆ ಸುಲಭ, ಕಾರ್ಬೈಡೂ ಸವೆಯಲ್ಲ. ಸ್ವಲ್ಪ ಹಿಂದಿನಿಂದ ನೇರವಾಗಿ ಬಂದು ಒಂದೇ ಹದದ ಥ್ರಾಟಲ್‌ನಲ್ಲಿ ಹತ್ತಿ, ಟ್ರ್ಯಾಕ್ ಟೈಲ್‌ಗೇಟ್ ಮುಟ್ಟಿದ ಹಾಗೆ ಥ್ರಾಟಲ್ ಬಿಟ್ಟು ಬೆರಳು ಬ್ರೇಕ್ ಮೇಲೆ. ನಡುವೆ ನಿಂತು ಹೋದ್ರೆ ಮತ್ತೆ ಥ್ರಾಟಲ್ ಒತ್ತಬೇಡಿ, ಬ್ರೇಕ್ ಹಿಡ್ಕೊಂಡು ನಿಧಾನ ಹಿಂದಕ್ಕೆ ಇಳಿದು ಹೊಸದಾಗಿ ಶುರು ಮಾಡಿ. ಹಿಂದೆ ನಿಂತು ತಳ್ತೀನಿ ಅಂತ ಬರೋ ಗೆಳೆಯರನ್ನ ದೂರ ಕಳಿಸಿ, ಮಕ್ಕಳನ್ನ ಇನ್ನೂ ದೂರ.

ಟೈಲ್‌ಗೇಟ್ ಇಷ್ಟು ಭಾರ ತಡೆಯುತ್ತಾ?

ಅದು ನೇತಾಡೋದು ಎರಡು ಕೇಬಲ್ ಮತ್ತೆ ಹಿಂಜ್ ಮೇಲೆ, ಗಾಡಿ ಮ್ಯಾನ್ಯುಯಲ್‌ನಲ್ಲಿ ಮಿತಿ ಬರೆದಿದೆಯಾ ನೋಡಿ. ಕೇಬಲ್ ತುಕ್ಕು ಹಿಡಿದು ಎಳೆ ಬಿಟ್ಟಿದ್ರೆ ಮೊದಲು ಬದಲಾಯಿಸಿ. ರ‍್ಯಾಂಪ್ ತುಟಿ ಅಂಚಿನ ಪ್ಲಾಸ್ಟಿಕ್ ಪಟ್ಟಿ ಮೇಲೆ ಕೂರದೆ ಗಟ್ಟಿ ಲೋಹದ ಮೇಲೆ ಕೂರಬೇಕು, ತುಟಿಗೆ ರಬ್ಬರ್ ಇದ್ರೆ ಪೇಂಟ್ ಉಳಿಯುತ್ತೆ. ಟೈಲ್‌ಗೇಟ್ ಒಳಗೇ ಇನ್ನೊಂದು ಸಣ್ಣ ಬಾಗಿಲು ಮಡಚೋ ಹೊಸ ಥರದ ಗಾಡಿಗಳಲ್ಲಿ ಆ ಸಣ್ಣದರ ಮೇಲೆ ರ‍್ಯಾಂಪ್ ಭಾರ ಬೀಳದ ಹಾಗೆ ನೋಡ್ಕೊಳ್ಳಿ.

ಇಳಿಸೋವಾಗ?

ಮತ್ತೆ ಬೆಲ್ಟ್ ಕಟ್ಟಿ, ಹತ್ತಿಸೋವಾಗ ಕಟ್ಟಿದೋರೂ ಇಳಿಸೋವಾಗ ಮರೀತಾರೆ. ರಿವರ್ಸ್ ಇರೋ ಗಾಡಿ ಆದ್ರೆ ಅಂಚಿನವರೆಗೆ ತಂದು ಆಮೇಲೆ ಬ್ರೇಕ್ ಮೇಲೆ ಇಳಿಸಿ. ಹಿಂದೆ ನೇತಾಡೋ ಸ್ನೋ ಫ್ಲಾಪ್ ರಿವರ್ಸ್‌ನಲ್ಲಿ ಟ್ರ್ಯಾಕ್ ಕೆಳಗೆ ಸಿಕ್ಕಿ ಕಿತ್ತು ಬರುತ್ತೆ, ಅದನ್ನ ಮೇಲೆತ್ತಿ ಸ್ಲೆಡ್‌ನ ಬಂಪರ್‌ಗೆ ಕಟ್ಟಿಬಿಡಿ.

ಹಿಮದ ದಿಬ್ಬಕ್ಕೆ ಪಿಕಪ್ ಒರಗಿಸಿ ಹತ್ತಿಸಿದ್ರೆ ರ‍್ಯಾಂಪೇ ಬೇಡ ಅಲ್ವಾ?

ದಿಬ್ಬ ಗಟ್ಟಿಯಾಗಿ ಕೂತಿದ್ರೆ ಚೆನ್ನಾಗಿಯೇ ಆಗುತ್ತೆ, ಮೆತ್ತಗಿದ್ರೆ ಟ್ರ್ಯಾಕ್ ಅಗೆದು ಒಳಗೆ ಹೋಗುತ್ತೆ. ನಾನು ಇದನ್ನ ರ‍್ಯಾಂಪ್ ಜೊತೆಗೇ ಬಳಸ್ತೀನಿ: ಪಿಕಪ್‌ನ ಹಿಂದಿನ ಚಕ್ರ ತಗ್ಗಲ್ಲಿ ಇಳಿಸಿ ಟೈಲ್‌ಗೇಟ್ ಬರೀ 6 ಇಂಚು ತಗ್ಗಿದ್ರೂ 8 ಅಡಿ ರ‍್ಯಾಂಪ್‌ನ ಏರು 22ರಿಂದ 18 ಡಿಗ್ರಿಗೆ ಬರುತ್ತೆ.

ಸ್ಲೆಡ್ ಹಿಂದೆ ಚಾಚ್ಕೊಂಡಿರುತ್ತೆ, ಪರವಾಗಿಲ್ವಾ?

ಐದೂವರೆ ಅಡಿ ಬೆಡ್‌ನಲ್ಲಿ ಹತ್ತಡಿ ಸ್ಲೆಡ್ ಇಟ್ರೆ ಟೈಲ್‌ಗೇಟ್ ಮುಚ್ಚಲ್ಲ, ತೆರೆದ ಟೈಲ್‌ಗೇಟ್ ದಾಟಿನೂ ಎರಡೂವರೆ ಅಡಿ ಹೊರಗಿರುತ್ತೆ. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ 4 ಅಡಿಗಿಂತ ಹೆಚ್ಚು ಹೊರಗಿದ್ರೆ, ಕೆನಡಾದ ಒಂಟಾರಿಯೋದಲ್ಲಿ 1.5 ಮೀಟರ್ ಅಥವಾ ಹೆಚ್ಚು ಇದ್ರೆ ತುದಿಗೆ ಕೆಂಪು ಬಾವುಟ ಬೇಕು, ಕತ್ತಲಾದ್ರೆ ಕೆಂಪು ದೀಪ. ನಂಬರ್ ಪ್ಲೇಟ್ ಮುಚ್ಚಿಹೋಗಿದೆಯಾ ನೋಡಿ. ಕಟ್ಟೋದು ನಾಲ್ಕು ರ‍್ಯಾಚೆಟ್ ಬೆಲ್ಟ್‌ನಲ್ಲಿ, ಮುಂದೆ ಎರಡು ಸ್ಕೀಗೆ, ಹಿಂದೆ ಸ್ಲೆಡ್‌ನ ಬಂಪರ್‌ಗೆ ಎರಡು, ಐದು ಹತ್ತು ನಿಮಿಷ ಓಡಿಸಿ ನಿಲ್ಲಿಸಿ ಮತ್ತೆ ಬಿಗಿ ಮಾಡಿ, ಟ್ರ್ಯಾಕ್‌ನ ಹಿಮ ಕರಗಿದ ಹಾಗೆ ಬೆಲ್ಟ್ ಸಡಿಲ ಆಗುತ್ತೆ.

ಎರಡು ಸ್ಲೆಡ್ ಇದೆ, ಡೆಕ್ ಹಾಕಿಸ್ಲಾ?

ಬೆಡ್ ಗೋಡೆಗಳ ಮೇಲೆ ಕೂರೋ ಡೆಕ್‌ನಲ್ಲಿ ಎರಡು ಸ್ಲೆಡ್ ಪಕ್ಕಪಕ್ಕ ನಿಲ್ಲುತ್ತೆ, ರ‍್ಯಾಂಪ್ ಅದರೊಳಗಿಂದಲೇ ಎಳ್ಕೊಳ್ಳುತ್ತೆ, ಚೆನ್ನಾಗಿರುತ್ತೆ. ಎತ್ತರ ಮಾತ್ರ ಇನ್ನೂ ಏರುತ್ತೆ, ಹತ್ತಿಸೋ ಅನುಭವ ಬೇಕು. ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರೋ ಸ್ಟಿಕರ್‌ನಲ್ಲಿ ಪೇಲೋಡ್ (ಗಾಡಿ ಹೊರಬಹುದಾದ ತೂಕ) ಬರೆದಿರುತ್ತೆ, ಡೆಕ್, ಎರಡು ಸ್ಲೆಡ್, ಒಳಗೆ ಕೂರೋ ಜನ, ಸಾಮಾನು ಎಲ್ಲಾ ಕೂಡಿ ಅದರೊಳಗೆ ಇರಬೇಕು, ಹಾಫ್ ಟನ್ (ಹೆವಿ ಡ್ಯೂಟಿ ಅಲ್ಲದ ಸಾಮಾನ್ಯ ಫುಲ್‌ಸೈಜ್) ಗಾಡಿಗಳಲ್ಲಿ ಅದು ಬೇಗ ಮೀರಿ ಹೋಗುತ್ತೆ. ಮೀರಿದ್ರೆ ಹಿಂದಕ್ಕೆ ವಾಲೋ (ಟಿಲ್ಟ್) ಟ್ರೇಲರ್ ತಗೊಳ್ಳಿ, ಎತ್ತರ ಕಡಿಮೆ.

ಹಳೇ ರ‍್ಯಾಂಪ್ ಕಡಿಮೆಗೆ ಸಿಕ್ತಿದೆ, ತಗೊಳ್ಲಾ?

ತಗೊಳ್ಳಿ, ಬೆಳಕಲ್ಲಿ ನೋಡಿ ತಗೊಳ್ಳಿ. ಬೆಸುಗೆ ಹಾಕಿದ ಪ್ರತಿ ಜಾಗದಲ್ಲೂ ಕೂದಲೆಳೆ ಬಿರುಕು ಇದೆಯಾ ಹುಡುಕಿ, ಹಿಂಜ್ ಪಿನ್ ಅಲ್ಲಾಡುತ್ತಾ, ಹಿಂಜ್ ಸುತ್ತ ಬಿಳಿ ಪುಡಿ ಕಟ್ಟಿದೆಯಾ, ತುಟಿ ಬಾಗಿದೆಯಾ ನೋಡಿ. ಆಮೇಲೆ ಸಮತಟ್ಟಾದ ನೆಲದ ಮೇಲೆ ಮಲಗಿಸಿ ಕಣ್ಣು ನೆಲಕ್ಕೆ ತಂದು ಉದ್ದಕ್ಕೂ ನೋಡಿ, ಒಮ್ಮೆ ಭಾರಕ್ಕೆ ಕುಸಿದು ತಿರುಚಿರೋ ರ‍್ಯಾಂಪ್ ಒಂದು ಮೂಲೆ ಎತ್ತಿಕೊಂಡಿರುತ್ತೆ, ಅಂಥದ್ದನ್ನ ಬಿಟ್ಟಿ ಕೊಟ್ರೂ ಬಿಟ್ಟು ಬನ್ನಿ.